ಹೆಗಲು ಇಳಿದ ಚಳಿಗಾಲ

ಆ ವರ್ಷ ಡಿಸೆಂಬರ್ ಬರುವ ಹೊತ್ತಿಗೆ ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗುವುದು ನನಗೆ ರೂಢಿಯಾಗಿಬಿಟ್ಟಿತ್ತು. ಕಣ್ಣು ಬಿಟ್ಟ ಕೂಡಲೇ ಎದೆಯ ಮೇಲೆ ಯಾರೋ ಅಂಗೈ ಊರಿದಂತೆ ಭಾರ. ಅದರ ಹಿಂದೆಯೇ ಮುಗಿಯದೆ ಉಳಿದ ಕೆಲಸಗಳು, ಆಡಬಾರದಿದ್ದ ಮಾತುಗಳು, ಇನ್ನೂ ಕೊಡದ ಉತ್ತರಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಹೊರಗೆ ಕತ್ತಲು, ಒಳಗೆ ಕೊರೆಯುವ ಚಳಿ. ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು, ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು, ಬೆಳಕು ಹರಿಯುವವರೆಗೂ ಅದೇ ಯೋಚನೆಗಳನ್ನು ಮೆಲುಕು ಹಾಕುತ್ತಿದ್ದೆ. ಇಸಿಜಿ ಮಾಡಿಸಿ, ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ಹೃದಯದಲ್ಲಿ ಯಾವ ದೋಷವೂ ಇಲ್ಲವೆಂದರು. ನಿದ್ದೆಯ ಕಡೆಗೂ ಮನಸ್ಸಿನ ಒತ್ತಡದ ಕಡೆಗೂ ಗಮನ ಕೊಡಬೇಕೆಂದು ಹೇಳಿದರು. ಕಾಯಿಲೆ ಇಲ್ಲವೆಂಬುದು ಸಮಾಧಾನದ ಸುದ್ದಿಯೇ ಆಗಿದ್ದರೂ ಮೂರೂವರೆಯ ಆ ಭಾರ ಮಾತ್ರ ಮರುದಿನವೂ ತಪ್ಪದೆ ಬಂತು.

ಹೇಗೂ ಎಚ್ಚರವಾಗುತ್ತದೆ, ಎದ್ದು ಯೋಗವನ್ನಾದರೂ ಮಾಡೋಣವೆಂದು ನಿರ್ಧರಿಸಿದ್ದು ಆಗಲೇ. ಹಿಂದೆಂದೋ ಕಲಿತಿದ್ದ ಸೂರ್ಯನಮಸ್ಕಾರದ ಹನ್ನೆರಡು ಹಂತಗಳು ಅರೆಬರೆ ನೆನಪಿದ್ದವು; ಉಳಿದದ್ದನ್ನು ವೀಡಿಯೊಗಳನ್ನು ನೋಡಿ ಕಲಿತರಾಯಿತು ಎಂದುಕೊಂಡೆ. ಹಾಸಿಗೆಯಿಂದ ಎದ್ದು ಐದೇ ನಿಮಿಷಕ್ಕೆ ತಣ್ಣಗಿನ ಚಾಪೆಯ ಮೇಲೆ ನಿಂತು, ಚಳಿಯನ್ನು ಓಡಿಸುವ ಹಠದಲ್ಲಿ ವೇಗವಾಗಿ ನಮಸ್ಕಾರಗಳನ್ನು ಹಾಕುತ್ತಿದ್ದೆ. ಒಂಬತ್ತನೆಯ ದಿನ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ, ಕಾಲಿನ ಹೆಬ್ಬೆರಳನ್ನು ಮುಟ್ಟಿಯೇ ತೀರುತ್ತೇನೆಂದು ಬಾಗಿದಾಗ ಬಲತೊಡೆಯ ಹಿಂದೆ ಚಳಕ್ಕೆಂದಿತು. ಮುಂದಿನ ಹತ್ತು ದಿನ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಮನಸ್ಸನ್ನು ಶಾಂತಗೊಳಿಸಲು ಹೊರಟು, ಯಾವ ಆತುರದಿಂದ ಬಳಲಿದ್ದೆನೋ ಅದೇ ಆತುರವನ್ನು ಚಾಪೆಯ ಮೇಲಕ್ಕೂ ಕರೆದುಕೊಂಡು ಬಂದಿದ್ದೆ.

ಆ ನೋವಿನ ದೆಸೆಯಿಂದಲೇ ನನಗೆ ಗುರುಗಳು ಸಿಕ್ಕರು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಯೋಗ ಕಲಿಸುತ್ತಿದ್ದ ಹಿರಿಯ ಮಹಿಳೆ ಅವರು. ಮೊದಲ ದಿನ ಅವರು ನನ್ನಿಂದ ಒಂದು ಆಸನವನ್ನೂ ಮಾಡಿಸಲಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಒಂದೆರಡು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ನಿಮ್ಮ ಹೆಗಲು ಎಲ್ಲಿದೆ, ನೋಡಿಕೊಂಡಿದ್ದೀರಾ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಹತ್ತಿರ ಬಂದು ಎರಡೂ ಭುಜಗಳ ಮೇಲೆ ಬೆರಳಿಟ್ಟು ಹಗುರವಾಗಿ ಕೆಳಗೆ ಒತ್ತಿದರು. ಭುಜಗಳು ಕೆಳಗಿಳಿದವು. ಮತ್ತೆ ಇಳಿದವು. ಇನ್ನೇನು ಇಳಿಯಲು ಉಳಿದಿಲ್ಲವೆಂದುಕೊಂಡ ಮೇಲೂ ಒಂದಿಷ್ಟು ಇಳಿದವು. ಅವರು ಬೆರಳು ತೆಗೆದ ಅರ್ಧ ನಿಮಿಷದಲ್ಲಿ, ನಾನೇನೂ ಮಾಡದಿದ್ದರೂ, ಅವು ಕಿವಿಗಳ ಕಡೆಗೆ ಮೆಲ್ಲನೆ ಏರತೊಡಗಿದ್ದನ್ನು ಮೊದಲ ಬಾರಿ ಗಮನಿಸಿದೆ. "ಇದು ಬರೀ ಚಳಿಯಿಂದಲ್ಲ. ಚಳಿಗಾಲ ಅದನ್ನು ಎದ್ದು ಕಾಣುವ ಹಾಗೆ ಮಾಡಿದೆ, ಅಷ್ಟೇ. ಒಂದು ವಾರ ಬೇರೇನೂ ಬೇಡ, ದಿನದಲ್ಲಿ ಎಷ್ಟು ಸಲ ಹೆಗಲು ಮೇಲೇರುತ್ತದೆ ಎಂದು ನೋಡಿ ಬನ್ನಿ. ಇಳಿಸುವ ಪ್ರಯತ್ನವೂ ಬೇಡ," ಎಂದರು.

ಆ ಒಂದು ವಾರ ನಾನು ಕಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಮಟ್ಟಿಗೆ ಧ್ಯಾನ ಶುರುವಾದದ್ದು ಅಲ್ಲಿಂದಲೇ. ಹೊರಗಿನ ತಣ್ಣನೆಯ ಗಾಳಿ ತಾಗಿದಾಗ ಹೆಗಲು ಏರುತ್ತಿದ್ದುದು ಸಹಜ; ಮೈಯ ಬಿಸಿಯನ್ನು ಕಾಪಾಡಿಕೊಳ್ಳಲು ದೇಹ ತನ್ನನ್ನು ತಾನೇ ಮುದುರಿಕೊಳ್ಳುತ್ತದೆ, ಕೈಕಾಲುಗಳ ಚರ್ಮದಲ್ಲಿರುವ ಸಣ್ಣ ರಕ್ತನಾಳಗಳು ಕುಗ್ಗಿ ರಕ್ತವನ್ನು ಒಳಗಿನ ಅಂಗಗಳ ಕಡೆಗೆ ಕಳಿಸುತ್ತವೆ. ಆದರೆ ಬೆಚ್ಚಗಿನ ಕೋಣೆಯಲ್ಲಿ ಕುಳಿತು ಫೋನ್ ರಿಂಗಾದಾಗಲೂ ಅವು ಏರುತ್ತಿದ್ದವು. ಮೇಲಧಿಕಾರಿಯ ಹೆಸರು ಪರದೆಯ ಮೇಲೆ ಕಂಡಾಗ, ಸಂದೇಶವೊಂದಕ್ಕೆ ಉತ್ತರ ಬರೆಯುವಾಗ, ಯಾರಾದರೂ ಮಾತಾಡುತ್ತಿದ್ದರೆ ನನ್ನ ಸರದಿಗಾಗಿ ಕಾಯುವಾಗ, ಅಷ್ಟೇಕೆ, ನೀರು ಕುದಿಯುವುದನ್ನು ಕಾಯುತ್ತಾ ನಿಂತಿರುವಾಗಲೂ ಹೆಗಲು ಮೇಲೆಯೇ ಇರುತ್ತಿತ್ತು. ಜೊತೆಗೆ ದವಡೆ ಬಿಗಿದಿರುತ್ತಿತ್ತು, ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿರುತ್ತಿತ್ತು. ಮೈ ಚಳಿಯನ್ನು ಎದುರಿಸುವ ಹಾಗೆಯೇ ನಾನು ಇಡೀ ದಿನವನ್ನು ಎದುರಿಸುತ್ತಿದ್ದೆ. ರಾತ್ರಿ ಮಲಗುವಾಗ ಹೊದಿಕೆಯೊಳಗೆ ಈ ಬಿಗಿತವೂ ನನ್ನೊಂದಿಗೆ ಮಲಗುತ್ತಿತ್ತು; ಮೂರೂವರೆಗೆ ನನಗಿಂತ ಮೊದಲು ಏಳುತ್ತಿದ್ದುದು ಬಹುಶಃ ಅದೇ.

ಮುಂದಿನ ವಾರ ಆಸನಗಳು ಶುರುವಾದವು. ಆದರೆ ನಾನು ಎಣಿಸಿದ್ದ ಕ್ರಮದಲ್ಲಿ ಅಲ್ಲ. ಎದ್ದ ಮೊದಲ ಒಂದು ಗಂಟೆ ಮುಂದಕ್ಕೆ ಬಾಗುವ ಯಾವ ಆಸನವೂ ಬೇಡವೆಂದು ಗುರುಗಳು ಕಟ್ಟುನಿಟ್ಟಾಗಿ ಹೇಳಿದರು. ಅದಕ್ಕೆ ಕಾರಣವಿದೆ. ರಾತ್ರಿ ಮಲಗಿರುವಾಗ ಬೆನ್ನೆಲುಬಿನ ನಡುವಿನ ಮೆತ್ತೆಯಂಥ ತಟ್ಟೆಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ. ಹಾಗಾಗಿಯೇ ಬೆಳಿಗ್ಗೆ ನಾವು ರಾತ್ರಿಗಿಂತ ಒಂದಿಷ್ಟು ಎತ್ತರವಾಗಿರುತ್ತೇವೆ. ಉಬ್ಬಿದ ಆ ಸ್ಥಿತಿಯಲ್ಲಿ ಸೊಂಟದಿಂದ ಬಾಗಿದರೆ ಬೆನ್ನಿನ ಮೇಲೆ ಬೀಳುವ ಒತ್ತಡ ಹಗಲಿನಲ್ಲಿ ಬಾಗಿದಾಗಿನದಕ್ಕಿಂತ ಹೆಚ್ಚು. ಇದಲ್ಲದೆ ದೇಹದ ಒಳಗಿನ ಉಷ್ಣತೆ ಇಡೀ ದಿನದಲ್ಲೇ ಅತ್ಯಂತ ಕಡಿಮೆ ಇರುವುದು ಬೆಳಗಿನ ಜಾವದ ಹೊತ್ತಿಗೆ. ತಣ್ಣಗಿರುವ ಸ್ನಾಯು ಸುಲಭವಾಗಿ ಹಿಗ್ಗುವುದಿಲ್ಲ. ಕೀಲುಗಳೊಳಗಿನ ದ್ರವವೂ ಚಳಿಗೆ ಮಂದವಾಗಿರುತ್ತದೆ. ಬೇಸಿಗೆಯಲ್ಲಿ ಐದು ನಿಮಿಷದ ಸಿದ್ಧತೆ ಸಾಕಾದರೆ ಚಳಿಗಾಲದಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಕೆಂಬುದು ಅವರ ಅನುಭವದ ಲೆಕ್ಕ.

ಹಾಗಾಗಿ ನನ್ನ ಬೆಳಗಿನ ಅಭ್ಯಾಸ ಮಲಗಿದಲ್ಲಿಂದಲೇ, ಹೊದಿಕೆಯ ಒಳಗಿನಿಂದಲೇ ತೊಡಗುತ್ತಿತ್ತು. ಕಾಲ್ಬೆರಳುಗಳನ್ನು ಮಡಚಿ ಬಿಡಿಸುವುದು, ಪಾದವನ್ನು ಹಿಂದೆ ಮುಂದೆ ಚಾಚುವುದು, ಹಿಮ್ಮಡಿಗಂಟನ್ನು ಎರಡೂ ಕಡೆ ತಿರುಗಿಸುವುದು, ಮುಷ್ಟಿ ಕಟ್ಟಿ ಬಿಡುವುದು, ಮಣಿಕಟ್ಟನ್ನು ಸುತ್ತಿಸುವುದು. ಎದ್ದ ಮೇಲೆ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ತಾಡಾಸನದಲ್ಲಿ ನೆಟ್ಟಗೆ ನಿಂತು ಹಿಮ್ಮಡಿಗಳನ್ನು ಎತ್ತಿ ಇಳಿಸುವುದು, ಭುಜಗಳನ್ನು ತಿರುಗಿಸುವುದು, ನಿಂತಲ್ಲೇ ಮೆಲ್ಲನೆ ನಡೆಯುವುದು. ಆಮೇಲೆ ಮಂಡಿ ಮತ್ತು ಅಂಗೈಗಳ ಮೇಲೆ ನಿಂತು ಮಾರ್ಜಾರಿ ಆಸನ. ಉಸಿರು ತೆಗೆದುಕೊಳ್ಳುವಾಗ ಬೆನ್ನು ಕೆಳಗೆ, ಬಿಡುವಾಗ ಬೆನ್ನು ಮೇಲಕ್ಕೆ, ಅದೂ ಮೊದಲ ದಿನಗಳಲ್ಲಿ ಪೂರ್ತಿಯಾಗಿ ಅಲ್ಲ, ಅರ್ಧದಷ್ಟೇ. ಇಷ್ಟಾಗುವ ಹೊತ್ತಿಗೆ ಬೆರಳುಗಳ ತುದಿ ಜುಮುಗುಟ್ಟಿ ಬೆಚ್ಚಗಾಗುತ್ತಿತ್ತು. ಬೆರಳ ತುದಿಗೆ ಬಿಸಿ ಬಂತೆಂದರೆ ದೇಹ ಒಪ್ಪಿಗೆ ಕೊಟ್ಟಿತೆಂದು ಅರ್ಥ, ಆಮೇಲೆ ಉಳಿದ ಆಸನ ಎಂಬುದು ಗುರುಗಳ ಸೂತ್ರ. ಎದ್ದು ಒಂದು ಗಂಟೆ ಕಳೆದ ಮೇಲೆ ನಾಲ್ಕೋ ಆರೋ ಸೂರ್ಯನಮಸ್ಕಾರ, ಪ್ರತಿ ಹಂತಕ್ಕೂ ಒಂದು ಪೂರ್ತಿ ಉಸಿರು. ಅರ್ಧಕಟಿಚಕ್ರಾಸನ, ಭುಜಂಗಾಸನ, ಸೇತುಬಂಧಾಸನ. ಪಶ್ಚಿಮೋತ್ತಾನಾಸನ ನನ್ನ ಪಾಲಿಗೆ ಸಂಜೆಗೆ ಹೋಯಿತು, ಅದೂ ಮಂಡಿ ಮಡಚಿಕೊಂಡು.

ಕೊನೆಗೆ ಅಂಗಾತ ಮಲಗಿ ಮೈ ಸಡಿಲ ಬಿಡುವ ಶವಾಸನದ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಅನೇಕರು ಅದನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ನಡುಗುತ್ತಾ ಮುಗಿಸುತ್ತಾರೆ. ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಚಲನೆ ನಿಂತ ಕೂಡಲೇ ದೇಹ ಬಿಸಿ ಹುಟ್ಟಿಸುವುದು ಕಡಿಮೆಯಾಗುತ್ತದೆ, ಮೈಮೇಲಿನ ಬೆವರು ಆರುತ್ತಾ ಇನ್ನಷ್ಟು ತಂಪಾಗಿಸುತ್ತದೆ. ಚಾಪೆಯ ಮೇಲೆ ಒಂದು ಕಂಬಳಿ ಹಾಸಿ, ಮೈಮೇಲೆ ಇನ್ನೊಂದನ್ನು ಕುತ್ತಿಗೆಯವರೆಗೆ ಹೊದೆದು, ಪಾದಗಳ ಕೆಳಗೆ ಅದರ ಅಂಚನ್ನು ಸಿಕ್ಕಿಸಿಕೊಂಡು ಮಲಗಿದ ಮೇಲೆ ನನಗೆ ಶವಾಸನವೆಂದರೇನೆಂದು ಗೊತ್ತಾಯಿತು. ಚಳಿಯಲ್ಲಿ ನಡುಗುವ ದೇಹಕ್ಕೆ ಸಡಿಲಾಗು ಎಂದು ಹೇಳಿ ಪ್ರಯೋಜನವಿಲ್ಲ. ಅದು ತನ್ನ ಕರ್ತವ್ಯವನ್ನು ಮಾಡುತ್ತಿರುತ್ತದೆ.

ಆಸನಗಳಿಂದ ಮೈ ಹಗುರವಾದರೂ ಮೂರೂವರೆಯ ಎದೆಭಾರ ಕರಗಿದ್ದು ಪ್ರಾಣಾಯಾಮದಿಂದ. ಅಲ್ಲಿಯೂ ಮೊದಲು ಎಡವಿದ್ದೆ. ಚಳಿಗೆ ಭಸ್ತ್ರಿಕಾ, ಎಂದರೆ ತಿದಿಯಂತೆ ರಭಸದಿಂದ ಉಸಿರಾಡುವ ಪ್ರಾಣಾಯಾಮ, ಒಳ್ಳೆಯದು, ಮೈ ಬಿಸಿಯಾಗುತ್ತದೆ ಎಂದು ಎಲ್ಲೋ ಕೇಳಿ, ಗುರುಗಳಿಗೆ ತಿಳಿಸದೆ, ಒಂದು ಬೆಳಿಗ್ಗೆ ಬಿರುಸಾಗಿ ನೂರರವರೆಗೆ ಮಾಡಿದೆ. ತುಟಿಯ ಸುತ್ತ ಮರಗಟ್ಟಿದಂತಾಗಿ, ಬೆರಳುಗಳು ಜೋಮು ಹಿಡಿದು, ಕಣ್ಣಿಗೆ ಕತ್ತಲೆ ಕವಿಯಿತು. ವೇಗವಾಗಿ, ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಇಳಿಯುವುದರಿಂದಲೂ ಮಿದುಳಿನ ರಕ್ತನಾಳಗಳು ಕುಗ್ಗುವುದರಿಂದಲೂ ಹೀಗಾಗುತ್ತದೆಂದು ಆಮೇಲೆ ತಿಳಿಯಿತು. ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರಿಗೂ ಗರ್ಭಿಣಿಯರಿಗೂ ಅದು ಸಲ್ಲದು. ನನ್ನಂತೆ ಆತಂಕದಿಂದ ಬಳಲುವವರಿಗೆ ಆರಂಭದಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಬೇಸಿಗೆಗೆ ಹೇಳುವ, ಮೈ ತಂಪಾಗಿಸುವ ಶೀತಲಿ, ಶೀತ್ಕಾರಿ ಪ್ರಾಣಾಯಾಮಗಳನ್ನು ಚಳಿಗಾಲದಲ್ಲಿ ಬದಿಗಿಡುವುದು ವಾಡಿಕೆ. ಹಾಗಾದರೆ ಏನು ಮಾಡಬೇಕೆಂದು ಕೇಳಿದಾಗ ಗುರುಗಳು, "ಉಸಿರನ್ನು ಬಿಡಲು ಕಲಿಯಿರಿ. ತೆಗೆದುಕೊಳ್ಳುವುದು ತಾನಾಗಿಯೇ ಆಗುತ್ತದೆ," ಎಂದರು.

ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ನಾನು ಎಣಿಸಿದ ಮೊದಲ ದಿನ ನನ್ನದು 19 ಇತ್ತು, ಅದೂ ಸುಮ್ಮನೆ ಕುಳಿತಿದ್ದಾಗ. ನಾಲ್ಕು ಎಣಿಸುವವರೆಗೆ ಪೂರಕ (ಉಸಿರು ಒಳಗೆಳೆಯುವುದು), ಆರು ಎಣಿಸುವವರೆಗೆ ರೇಚಕ (ಹೊರಬಿಡುವುದು) ಎಂಬುದು ನನಗೆ ಕೊಟ್ಟ ಅಭ್ಯಾಸ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರು. ಉಸಿರು ಹಿಡಿದಿಡುವ ಕುಂಭಕ ಬೇಡ, ಬಲವಂತ ಬೇಡ. ಆರು ಕಷ್ಟವಾದರೆ ಮೂರು ಮತ್ತು ನಾಲ್ಕರಿಂದ ಆರಂಭಿಸಬಹುದು. ಮೊದಲ ಕೆಲವು ದಿನ ನನಗೆ ಆರಕ್ಕೆ ತಲುಪುವ ಮುನ್ನವೇ ಉಸಿರು ಮುಗಿದುಹೋಗುತ್ತಿತ್ತು, ಗಂಟಲಿನಲ್ಲಿ ಸಣ್ಣ ಗಾಬರಿಯೂ ಏಳುತ್ತಿತ್ತು. ಆಗ ಅವರು ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳಿಡಲು ಹೇಳಿ, ಎಣಿಕೆಯನ್ನು ಬಿಟ್ಟು ನಾಡಿಯನ್ನು ಕೇಳಿಸಿಕೊಳ್ಳಲು ಹೇಳಿದರು.

ಅಂದಿನ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಕಿಟಕಿಯ ಗಾಜಿನ ಮೇಲೆ ಒಳಗಿನ ಆವಿ ಹನಿಗಟ್ಟಿತ್ತು. ಮಣಿಕಟ್ಟಿನ ಮೇಲೆ ಬೆರಳಿಟ್ಟ ಸ್ವಲ್ಪ ಹೊತ್ತಿಗೆ ನಾಡಿ ಸಿಕ್ಕಿತು. ಉಸಿರನ್ನು ಒಳಗೆಳೆದುಕೊಂಡಂತೆಲ್ಲ ಬಡಿತಗಳು ಹತ್ತಿರ ಹತ್ತಿರ ಬಂದವು, ಬಿಡುತ್ತಾ ಹೋದಂತೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚಿತು. ಬೆರಳಿನ ಕೆಳಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಒಳಗೆಳೆದಾಗ ಹೃದಯ ತುಸು ಚುರುಕಾಗುವುದು, ಹೊರಬಿಟ್ಟಾಗ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಮರಳಿ ಅದು ನಿಧಾನವಾಗುವುದು ಆರೋಗ್ಯವಂತ ದೇಹದ ಸಹಜ ಲಯ. ಉಸಿರು ನಿಧಾನವಾದಷ್ಟೂ ಈ ಏರಿಳಿತ ಎದ್ದು ಕಾಣುತ್ತದೆ. ಈ ವಿಷಯವನ್ನು ಓದಿ ತಿಳಿಯುವುದು ಬೇರೆ, ಮೂರು ಬೆರಳುಗಳ ಕೆಳಗೆ ಅದನ್ನು ಹಿಡಿಯುವುದೇ ಬೇರೆ. ನನ್ನ ಎದೆಯನ್ನು ನಿಧಾನಗೊಳಿಸುವ ದಾರಿ ಇಷ್ಟು ವರ್ಷ ನನ್ನ ಕೈಯಳತೆಯಲ್ಲೇ ಇತ್ತೆಂದು ತಿಳಿದಾಗ ಕಣ್ಣು ತುಂಬಿ ಬಂತು. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ, ಚಿತ್ತವಿಕ್ಷೇಪದ, ಎಂದರೆ ಮನಸ್ಸಿನ ಚದುರುವಿಕೆಯ, ಜೊತೆಗೇ ಬರುವವು ಎಂದು ದುಃಖ, ದೌರ್ಮನಸ್ಯ, ಅಂಗಮೇಜಯತ್ವ, ಶ್ವಾಸ ಪ್ರಶ್ವಾಸಗಳನ್ನು ಹೇಳಿದೆ. ಅಂಗಮೇಜಯತ್ವವೆಂದರೆ ಮೈ ನಡುಗುವಿಕೆ. ಶ್ವಾಸ ಪ್ರಶ್ವಾಸವೆಂದರೆ ಇಲ್ಲಿ ಲಯ ತಪ್ಪಿದ ಉಸಿರು. ಅದಾದ ಮೂರು ಸೂತ್ರಗಳ ನಂತರ, ಪ್ರಾಣವನ್ನು ಹೊರಬಿಡುವುದರಿಂದಲೂ ತಡೆಹಿಡಿಯುವುದರಿಂದಲೂ ಚಿತ್ತ ಪ್ರಸನ್ನವಾಗುತ್ತದೆಂಬ ಮಾತು ಬರುತ್ತದೆ. ಎರಡನ್ನೂ ಹಿಂದೆ ಓದಿದ್ದೆ. ಆ ಬೆಳಿಗ್ಗೆಯ ಮೊದಲು ಅವು ನನ್ನ ಬಗ್ಗೆ ಹೇಳಿದ ಮಾತುಗಳೆಂದು ಅನಿಸಿರಲಿಲ್ಲ.

ಡಿಸೆಂಬರ್ ಕೊನೆಯಿಂದ ಇದೇ ಉಸಿರನ್ನು ಮೂರೂವರೆಗೆ ಹಾಸಿಗೆಯಲ್ಲೇ ಮಾಡತೊಡಗಿದೆ. ನಿದ್ದೆ ಮರಳಿ ಬರಲೇಬೇಕೆಂಬ ಬಯಕೆಯನ್ನು ಬಿಡುವುದು ಬಹಳ ಕಷ್ಟವಾಯಿತು. ನಿದ್ದೆ ಬಂತೇ ಎಂದು ನಡುನಡುವೆ ನೋಡಿಕೊಂಡರೆ ಅದು ಬರುತ್ತಿರಲಿಲ್ಲ. ಕ್ರಮೇಣ, ಬರದಿದ್ದರೂ ಪರವಾಗಿಲ್ಲ, ಬೆಚ್ಚಗೆ ಮಲಗಿ ಉಸಿರು ಬಿಡುತ್ತಿದ್ದೇನೆ, ಇದೂ ವಿಶ್ರಾಂತಿಯೇ ಎಂಬ ಒಪ್ಪಿಗೆ ಒಳಗಿನಿಂದ ಬಂತು. ವಾರದಲ್ಲಿ ಮೂರು ದಿನ ಐದೂವರೆಯವರೆಗೆ ಮತ್ತೆ ನಿದ್ದೆ ಹತ್ತತೊಡಗಿತು. ಉಳಿದ ದಿನ ಎಚ್ಚರವಾಗಿಯೇ ಇರುತ್ತಿದ್ದೆ, ಆದರೆ ಎದೆಯ ಮೇಲಿನ ಅಂಗೈ ಹಗುರವಾಗಿತ್ತು.

ಚಳಿಗಾಲದ ಮುಂಜಾವಿನ ದೀರ್ಘ ಕತ್ತಲು ನನಗೆ ಮೊದಲು ಶತ್ರುವಿನಂತೆ ಕಾಣುತ್ತಿತ್ತು. ಉತ್ತರ ಗೋಳಾರ್ಧದಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ಕ್ಕೆ ಬಂದು ಹೋಗುತ್ತದಾದರೂ ಸೂರ್ಯೋದಯ ನಮ್ಮ ಕಡೆ ಅಲ್ಲಿಂದ ಮುಂದೆಯೂ ಕೆಲವು ವಾರ ತಡವಾಗುತ್ತಲೇ ಹೋಗುತ್ತದೆ. ಹಗಲು ಮೊದಲು ಬೆಳೆಯುವುದು ಸಂಜೆಯ ತುದಿಯಿಂದ. ಬೆಳಿಗ್ಗೆ ಅಭ್ಯಾಸ ಮಾಡುವವರಿಗೆ ಜನವರಿ ಅತ್ಯಂತ ಕತ್ತಲಿನ ಕಾಲ. ಅದೇ ಕತ್ತಲನ್ನು ಬಳಸಿಕೊಳ್ಳೋಣವೆಂದು ಗುರುಗಳು ತ್ರಾಟಕ ಹೇಳಿಕೊಟ್ಟರು. ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ದೀಪವಿಟ್ಟು, ಕಣ್ಣಲ್ಲಿ ನೀರು ಬರುವ ತನಕ ಜ್ವಾಲೆಯನ್ನು ನೋಡಿ, ಆಮೇಲೆ ಕಣ್ಣು ಮುಚ್ಚಿ ಒಳಗೆ ಉಳಿದ ಅದರ ಪಡಿಯಚ್ಚನ್ನು ನೋಡುವುದು. ಕಣ್ಣಿನ ಕಾಯಿಲೆಯೋ ಮೂರ್ಛೆರೋಗವೋ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ನಾನು ಮೊದಲ ದಿನ ದೀಪವನ್ನು ತೀರಾ ಹತ್ತಿರ ಇಟ್ಟುಕೊಂಡಿದ್ದೆ. ಜ್ವಾಲೆ ನಿಲ್ಲಲೇ ಇಲ್ಲ. ಕಿಟಕಿಯ ಸಂದಿಯಿಂದ ಗಾಳಿ ಬರುತ್ತಿದೆಯೆಂದುಕೊಂಡು ಎದ್ದು ನೋಡಿದೆ, ಪರದೆ ಎಳೆದೆ, ಮತ್ತೆ ಬಂದು ಕುಳಿತೆ. ಆಗಲೂ ಅದು ಬಾಗುತ್ತಿತ್ತು, ಒಂದೇ ಲಯದಲ್ಲಿ, ನನ್ನಿಂದ ಆಚೆಗೆ. ಬಾಗಿಸುತ್ತಿದ್ದುದು ನನ್ನ ಉಸಿರು. ಅದನ್ನು ಅರಿತ ಮೇಲೆ ದೀಪವನ್ನು ದೂರ ಸರಿಸದೆ ಅಲ್ಲೇ ಬಿಟ್ಟೆ. ಉಸಿರು ಸಣ್ಣದಾಗುತ್ತಾ ಹೋದಂತೆ ಜ್ವಾಲೆಯ ಬಾಗುವಿಕೆ ಕಡಿಮೆಯಾಯಿತು. ಮೊದಲು ಅದರ ತುದಿ ಮಾತ್ರ ಅಲುಗುತ್ತಿತ್ತು, ಅನಂತರ ಬತ್ತಿಯ ಬುಡದ ನೀಲಿ, ಅದರ ಮೇಲಿನ ಮಬ್ಬು, ಅದರ ಮೇಲಿನ ಹಳದಿ ಎಲ್ಲವೂ ಬಿಡಿಬಿಡಿಯಾಗಿ ಕಾಣುವಷ್ಟು ಅದು ನಿಂತಿತು. ಹತ್ತು ಸೆಕೆಂಡೋ ಇಪ್ಪತ್ತೋ ಇರಬೇಕು. ಅಷ್ಟರಲ್ಲಿ, ನಿಂತಿತಲ್ಲ ಎಂಬ ಸಂತೋಷ ಹುಟ್ಟಿತು, ಉಸಿರು ಉಬ್ಬಿತು, ಜ್ವಾಲೆ ಮತ್ತೆ ಬಾಗಿತು. ಗಾಳಿ ಇಲ್ಲದೆಡೆಯ ದೀಪ ಅಲುಗದಂತೆ ಯೋಗಿಯ ಚಿತ್ತ ಎಂಬ ಹೋಲಿಕೆ ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿದೆ. ಆ ಹೋಲಿಕೆಯನ್ನು ಮೊದಲು ಕಂಡವರೂ ಬಹುಶಃ ದೀಪದ ಮುಂದೆ ಹೀಗೆಯೇ ಬಹಳ ಹೊತ್ತು ಕುಳಿತಿರಬೇಕೆಂದು ನನಗೆ ಅಂದು ಅನಿಸಿತು.

ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಸಣ್ಣ ದೀಪದ ಮಾತು ಬೇರೆ. ಬೆಚ್ಚಗಾಗಲೆಂದು ಇದ್ದಿಲಿನ ಕೆಂಡವನ್ನು ಒಳಗಿಟ್ಟುಕೊಂಡು ಕಿಟಕಿ ಮುಚ್ಚುವುದು ಪ್ರಾಣಕ್ಕೇ ಅಪಾಯ. ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಂಡದ ಬದಲು, ಕಿಟಕಿಯನ್ನು ಒಂದು ಬೆರಳಿನಷ್ಟಾದರೂ ತೆರೆದಿಟ್ಟು ಶಾಲು ಹೊದೆಯುವುದು ಮೇಲು.

ಧ್ಯಾನಕ್ಕೆಂದು ಪ್ರತ್ಯೇಕವಾಗಿ ಕುಳಿತದ್ದು ಜನವರಿಯಲ್ಲಿ. ಮಡಚಿದ ಕಂಬಳಿಯ ಮೇಲೆ, ಸೊಂಟ ಮಂಡಿಗಳಿಗಿಂತ ಎತ್ತರವಿರುವಂತೆ ಕುಳಿತರೆ ಬೆನ್ನು ತಾನಾಗಿಯೇ ನೇರವಾಗುತ್ತದೆ. ಚಳಿಯಲ್ಲಿ ನನ್ನ ಕಾಲುಗಳು ಬೇಗ ಜೋಮು ಹಿಡಿಯುತ್ತಿದ್ದುದರಿಂದ ಪದ್ಮಾಸನದ ಆಸೆಯನ್ನು ಬಿಟ್ಟು ಸುಖಾಸನಕ್ಕೆ, ಕೆಲವು ದಿನ ಕುರ್ಚಿಗೂ ಬಂದೆ. ಆಸನವೆಂದರೆ ಸ್ಥಿರವಾಗಿಯೂ ಸುಖವಾಗಿಯೂ ಇರುವಂಥದ್ದು ಎಂದಷ್ಟೇ ಪತಂಜಲಿಯ ಸೂತ್ರ ಹೇಳುತ್ತದೆ. ಅಲ್ಲಿ ಮಾಡಬೇಕಾದದ್ದು ಇಷ್ಟೇ: ಉಸಿರು ಮೂಗಿನ ಹೊಳ್ಳೆಯ ಅಂಚನ್ನು ತಾಗುವ ಜಾಗದಲ್ಲಿ ಗಮನವಿಡುವುದು, ಮನಸ್ಸು ಹೊರಟುಹೋದುದು ಗೊತ್ತಾದಾಗ ಬೈದುಕೊಳ್ಳದೆ ಮರಳುವುದು. ಚಳಿಗಾಲ ಇದಕ್ಕೆ ಒಂದು ಸಹಾಯ ಮಾಡುತ್ತದೆ. ಒಳಬರುವ ಗಾಳಿಯ ತಂಪಿಗೂ ಹೊರಹೋಗುವ ಗಾಳಿಯ ಬಿಸಿಗೂ ಇರುವ ಅಂತರ ಈ ಕಾಲದಲ್ಲಿ ಎಷ್ಟು ನಿಚ್ಚಳವೆಂದರೆ ಉಸಿರನ್ನು ಹುಡುಕಬೇಕಾಗುವುದೇ ಇಲ್ಲ. ತಣ್ಣಗೆ ಒಳಗೆ, ಬೆಚ್ಚಗೆ ಹೊರಗೆ. ಬಿಟ್ಟ ಮೇಲೆ ಮುಂದಿನದು ಬರುವ ಮೊದಲು ಒಂದು ಸಣ್ಣ ಖಾಲಿ. ನನ್ನ ನೆಮ್ಮದಿಯ ವಿಳಾಸ ಆ ಖಾಲಿಯಲ್ಲಿದೆಯೆಂದು ನನಗೆ ಈಗಲೂ ಅನಿಸುತ್ತದೆ. ಯೋಚನೆಗಳು ಅಲ್ಲಿ ಇರುವುದಿಲ್ಲವೆಂದಲ್ಲ. ಅವು ಬರುತ್ತವೆ, ಆದರೆ ಹೆಗಲೇರಿ ಕೂರುವುದಿಲ್ಲ.

ಹದಿನೈದು ನಿಮಿಷದ ಈ ಕೂರುವಿಕೆಯಲ್ಲಿ ಹೆಚ್ಚಿನ ದಿನ ತೂಕಡಿಕೆ ಬರುತ್ತಿತ್ತು. ಕತ್ತಲಿರುವವರೆಗೆ ದೇಹದಲ್ಲಿ ನಿದ್ದೆಗೆ ಅನುವು ಮಾಡುವ ಮೆಲಟೋನಿನ್ ಎಂಬ ಹಾರ್ಮೋನ್ ಸ್ರವಿಸುತ್ತಿರುತ್ತದೆ, ಬೆಳಕು ಕಣ್ಣಿಗೆ ಬಿದ್ದಾಗ ಅದು ತಗ್ಗುತ್ತದೆ. ಕತ್ತಲಲ್ಲಿ ಕಂಬಳಿ ಹೊದ್ದು ಕಣ್ಣು ಮುಚ್ಚಿದವರಿಗೆ ನಿದ್ದೆ ಬರುವುದು ದೌರ್ಬಲ್ಯವೇನಲ್ಲ. ಧ್ಯಾನವನ್ನು ಸೂರ್ಯೋದಯದ ನಂತರಕ್ಕೆ ಸರಿಸಿ, ಅದಕ್ಕೆ ಮುಂಚೆ ಹೊರಗೆ ಇಪ್ಪತ್ತು ನಿಮಿಷ ನಡೆದು ಬರುವುದೆಂದು ಗೊತ್ತುಮಾಡಿಕೊಂಡೆ. ಮೋಡ ಮುಸುಕಿದ ದಿನದಲ್ಲೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ರಾತ್ರಿ ನಿದ್ದೆ ಸುಧಾರಿಸಿದ್ದರಲ್ಲಿ ಧ್ಯಾನದಷ್ಟೇ ಪಾಲು ಈ ನಡಿಗೆಗೂ ಇದೆಯೆಂದು ನಾನು ನಂಬಿದ್ದೇನೆ.

ಜನವರಿಯ ಮೂರನೆಯ ವಾರ ಶೀತ ಹಿಡಿದು ಒಂಬತ್ತು ದಿನ ಆಸನ, ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನ ಪ್ರಾಣಾಯಾಮ ಎಲ್ಲವೂ ನಿಂತವು. ಮೂಗು ಕಟ್ಟಿರುವಾಗ ನಾಡಿಶೋಧನ ಮಾಡಲು ಹೋಗಬಾರದು. ಮಲಗಿಕೊಂಡೇ ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತಾ ಹೋಗುವ ಅಭ್ಯಾಸವಷ್ಟೇ ಉಳಿಯಿತು. ಆರನೆಯ ದಿನವೋ ಏಳನೆಯ ದಿನವೋ, ಗಮನ ಎದೆಗೆ ಬಂದು ನಿಂತಾಗ ಇದ್ದಕ್ಕಿದ್ದಂತೆ ಅಳು ಬಂತು. ಯಾವ ನೆನಪೂ ಇರಲಿಲ್ಲ, ಯಾವ ಕಾರಣವೂ ಎದ್ದು ಕಾಣಲಿಲ್ಲ; ಕಣ್ಣಿನ ಅಂಚಿನಿಂದ ಇಳಿದ ನೀರು ಕಿವಿಯೊಳಗೆ ಹೋಗಿ ತಣ್ಣಗಾಯಿತು. ಗಾಬರಿಯಾಗಿ ಗುರುಗಳಿಗೆ ಫೋನ್ ಮಾಡಿದೆ. ಅವರು ಅದನ್ನು ದೊಡ್ಡದು ಮಾಡಲೂ ಇಲ್ಲ, ಚಿಕ್ಕದು ಮಾಡಲೂ ಇಲ್ಲ. ಅಳು ಬಂದರೆ ಬರಲಿ, ಹೋದ ಮೇಲೆ ಮುಖ ತೊಳೆದುಕೊಳ್ಳಿ. ಆದರೆ ದಿನವಿಡೀ ಉಳಿದು, ಎರಡು ವಾರ ಕಳೆದರೂ ಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ, ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡ ಮಾಡದೆ ಮನೋವೈದ್ಯರ ಬಳಿ ಹೋಗಬೇಕು, ಆಗ ಚಾಪೆಯನ್ನು ನೆಚ್ಚಿಕೊಂಡು ಕೂರಬಾರದು ಎಂದರು. ಚಳಿಗಾಲಕ್ಕೇ ಮರುಕಳಿಸುವ ಖಿನ್ನತೆಯೊಂದನ್ನು 1984ರಲ್ಲೇ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು ಗುರುತಿಸಿ ವಿವರಿಸಿದ್ದಾರೆ. ಅದಕ್ಕೆ ಬೆಳಕಿನ ಚಿಕಿತ್ಸೆಯೂ ಔಷಧವೂ ಇದೆ. ನನ್ನ ಅಳು ಎರಡು ಬೆಳಗು ಬಂದು ಮೂರನೆಯ ಬೆಳಿಗ್ಗೆ ಬರಲಿಲ್ಲ. ಅದು ಏನಾಗಿತ್ತೆಂದು ನಾನು ಬಗೆದು ನೋಡಲೂ ಇಲ್ಲ.

ಫೆಬ್ರವರಿಯ ಮೊದಲ ವಾರ, ಒಂದು ಸಂಜೆ ಅಣ್ಣನ ಫೋನ್ ಬಂತು. ಹಿರಿಯರ ಮನೆಯ ವಿಚಾರವಾಗಿ ನಮ್ಮಿಬ್ಬರ ನಡುವೆ ಎರಡು ವರ್ಷಗಳಿಂದ ಮಾತು ಹದಗೆಟ್ಟಿತ್ತು. ಪ್ರತಿ ಕರೆಯೂ ಐದು ನಿಮಿಷದೊಳಗೆ ಜಗಳವಾಗಿ, ಇಬ್ಬರಲ್ಲೊಬ್ಬರು ಫೋನ್ ಇಡುವುದರೊಂದಿಗೆ ಮುಗಿಯುತ್ತಿತ್ತು. ಅಂದೂ ಅವನು, "ನಿನಗೆ ಏನು ಹೇಳಿದರೂ ಅಷ್ಟೇ" ಎಂದು ಶುರುಮಾಡಿದ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದಕ್ಕೂ ಮೊದಲು, ಕೂದಲೆಳೆಯಷ್ಟು ಮೊದಲು, ನನ್ನ ಬಲ ಹೆಗಲು ಕಿವಿಯತ್ತ ಏರಿದ್ದು ನನಗೆ ತಿಳಿಯಿತು. ಯಾರೋ ಬೆರಳಿಟ್ಟು ಒತ್ತಿದಂತೆ ಅದು ಇಳಿಯಿತು. ಇಳಿಯುವಾಗ ಉಸಿರೂ ಹೊರಬಂತು. ಆ ಒಂದು ಉಸಿರಿನಷ್ಟು ಹೊತ್ತು ನಾನು ಮಾತಾಡಲಿಲ್ಲ. ಆ ಕಡೆಯಿಂದ ಅಣ್ಣನ ಉಸಿರೂ ಕೇಳಿಸಿತು. ಅವನೂ ಬಿಗಿಹಿಡಿದೇ ಮಾತಾಡುತ್ತಿದ್ದ. "ಹೇಳಣ್ಣ, ಕೇಳ್ತಾ ಇದ್ದೀನಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು, "ನಿನ್ನ ಶೀತ ಹೇಗಿದೆ ಈಗ?" ಎಂದು ಕೇಳಿದ. ಮನೆಯ ವಿಚಾರ ಅಂದು ಇತ್ಯರ್ಥವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಆದರೆ ಆ ಕರೆ ನಲವತ್ತು ನಿಮಿಷ ನಡೆಯಿತು.

ಅಂತರಂಗದ ಶಾಂತಿಯೆಂದರೆ ಯೋಚನೆಗಳೇ ಇಲ್ಲದ ನಿಶ್ಶಬ್ದವೆಂದು ನಾನು ಹಿಂದೆ ತಿಳಿದಿದ್ದೆ. ಅದನ್ನು ಪಡೆಯಲು ಮನಸ್ಸಿನೊಂದಿಗೆ ಸೆಣಸಬೇಕೆಂದೂ ತಿಳಿದಿದ್ದೆ. ನನಗೆ ಸಿಕ್ಕಿದ್ದು ಅಷ್ಟು ದೊಡ್ಡದಲ್ಲ. ಹೆಗಲು ಏರುವುದಕ್ಕೂ ಮಾತು ಹೊರಬೀಳುವುದಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗ ಸಿಕ್ಕಿತು. ಎಲ್ಲ ದಿನವೂ ಅದು ಸಿಗುವುದಿಲ್ಲ. ಆತುರದ ದಿನಗಳಲ್ಲಿ, ನಿದ್ದೆಗೆಟ್ಟ ದಿನಗಳಲ್ಲಿ ಹಳೆಯ ಬಿಗಿತ ಹಾಗೆಯೇ ಮರಳುತ್ತದೆ. ಹಾಗೆ ಮರಳಿದ್ದು ಈಗ ಸಂಜೆಯೊಳಗೆ ಗೊತ್ತಾಗುತ್ತದೆ. ಹಿಂದೆ ಗೊತ್ತಾಗಲು ವರ್ಷಗಳು ಬೇಕಾಗಿದ್ದವು.

ಫೆಬ್ರವರಿ ಮುಗಿಯುವ ಹೊತ್ತಿಗೆ ಸೂರ್ಯ ಬೇಗ ಬರತೊಡಗಿದ. ಒಂದು ಬೆಳಿಗ್ಗೆ ತ್ರಾಟಕಕ್ಕೆಂದು ದೀಪ ಹಚ್ಚಿ ಕುಳಿತಾಗ ಜ್ವಾಲೆ ಎಂದಿನಂತೆ ಕಾಣಲಿಲ್ಲ. ಕಿಟಕಿಯ ಬೆಳಕು ಅದರ ಹಳದಿಯನ್ನು ಆಗಲೇ ತಿಂದುಹಾಕಿತ್ತು, ಬತ್ತಿಯ ಬುಡದ ನೀಲಿಯಷ್ಟೇ ಉಳಿದಿತ್ತು. ಗಾಜಿನ ಮೇಲೆ ಹನಿಗಳೂ ಇರಲಿಲ್ಲ. ಕಾಲುಚೀಲ ಕಳಚಿ ಬದಿಗಿಟ್ಟು, ದೀಪವನ್ನು ಆರಿಸಿ, ಬರಿಗಾಲಲ್ಲಿ ಚಾಪೆಯ ಮೇಲೆ ನಿಂತೆ.